ಮಧ್ಯಾಹ್ನ ಬಾಡಿ ಸಂಜೆ ಏಳ್ತಿದ್ದ ಟೊಮೆಟೊ: ದಾವಣಗೆರೆಯ ಒಂದು ಏರುಮಡಿ ಪ್ರಕರಣ

ಜಾಗ ದಾವಣಗೆರೆ, ಮನೆ ನಮ್ಮ ಅಕ್ಕಂದು. ಹಿತ್ತಲು ಅಂದ್ರೆ ಮನೆ ಹಿಂದೆ ಕಾಂಪೌಂಡಿಗೆ ಹತ್ಕೊಂಡಿರೋ ಒಂದು ಉದ್ದನೆ ಪಟ್ಟಿ, ನೆಲ ಪೂರ್ತಿ ಎರೆಮಣ್ಣು, ಮಳೆ ಬಂದ್ರೆ ಕಾಲಿಟ್ಟ ಕಡೆ ಚಪ್ಪಲಿ ಅಲ್ಲೇ ಉಳ್ಕೊಳುತ್ತೆ, ಬೇಸಿಗೇಲಿ ಕೈ ತೂರೋವಷ್ಟು ಬಿರುಕು ಬಿಡುತ್ತೆ. ಹಂಗಾಗಿ ಬಾವ ನೆಲದ ಮೇಲೆ ಸಾಲಿಡ್ ಬ್ಲಾಕ್ ಜೋಡಿಸಿ ಎರಡು ಏರುಮಡಿ ಮಾಡಿಸಿದ್ರು. ಒಂದೊಂದೂ 10 ಅಡಿ ಉದ್ದ, 4 ಅಡಿ ಅಗಲ, ಒಂದೂವರೆ ಅಡಿ ಎತ್ತರ. ಅಗಲ 4 ಅಡಿಗಿಂತ ಜಾಸ್ತಿ ಮಾಡ್ಬಾರ್ದು ಅಂತ ನಾನೇ ಹೇಳಿದ್ದು, ಯಾಕಂದ್ರೆ ಎರಡೂ ಕಡೆಯಿಂದ ನಡುವಿನವರೆಗೂ ಕೈ ಸಿಗ್ಬೇಕು, ಮಡಿ ಒಳಗೆ ಕಾಲಿಟ್ಟು ಮಣ್ಣು ತುಳೀಬಾರ್ದು. ಒಳಗೆ ತುಂಬಿದ್ದು ಹೊರಗಿಂದ ತರಿಸಿದ ಕೆಂಪುಮಣ್ಣು, ಹಳೇ ಕೊಟ್ಟಿಗೆ ಗೊಬ್ಬರ, ಸ್ವಲ್ಪ ಕೋಕೋಪಿಟ್ ಅಂದ್ರೆ ತೆಂಗಿನ ನಾರಿನ ಪುಡಿ.

ಮೊದಲ ಬೆಳೆ ಮಳೆಗಾಲದಲ್ಲಿ ಇಟ್ಟಿದ್ದು. ಒಂದನೇ ಮಡೀಲಿ ಅರ್ಕಾ ರಕ್ಷಕ್ ಟೊಮೆಟೊ, ಎರಡು ಸಾಲು ಬದನೆ, ತುದೀಲಿ ಬೆಂಡೆ. ಎರಡನೇ ಮಡೀಲಿ ಅಲಸಂದೆ, ಮೆಂತ್ಯ, ಕೊತ್ತಂಬರಿ. ದೀಪಾವಳಿ ಹೊತ್ತಿಗೆ ಅಕ್ಕ ಟೊಮೆಟೊ ಅಂಗಡೀಲಿ ತಗೊಳ್ಳೋದೇ ಬಿಟ್ಟಿದ್ಲು, ಅಕ್ಕಪಕ್ಕದವರಿಗೂ ಕೊಟ್ಲು. ಜನವರೀಲಿ ಅದೇ ಮಡಿಗೆ ಮತ್ತೆ ಟೊಮೆಟೊ, ಮತ್ತೆ ಬದನೆ. ತೊಂದರೆ ಶುರುವಾಗಿದ್ದು ಈ ಎರಡನೇ ಬೆಳೇಲಿ.

ಫೆಬ್ರವರಿ ಕೊನೆಗೆ ಗಿಡಗಳು ಮಧ್ಯಾಹ್ನ ಜೋಲು ಬೀಳ್ತಿದ್ವು. ಸಂಜೆ ಆರರ ಮೇಲೆ ಎದ್ದು ನಿಲ್ತಿದ್ವು, ಬೆಳಿಗ್ಗೆ ನೋಡಿದ್ರೆ ಏನೂ ಆಗೇ ಇಲ್ಲ ಅನ್ನೋ ಹಂಗೆ. ಮೊದಲು ಬಾಡಿದ್ದು ಪಶ್ಚಿಮದ ಕಡೆ ಬ್ಲಾಕಿಗೆ ಅಂಟಿಕೊಂಡಿದ್ದ ಸಾಲು, ಹಂಗಾಗಿ ಎಲ್ರೂ ಇದು ಬಿಸಿಲಿನ ಕಾಟ ಅಂತಾನೇ ಅಂದ್ಕೊಂಡ್ರು. ಸಂಜೆ ಆ ಬ್ಲಾಕ್ ಮುಟ್ಟಿದ್ರೆ ಕೈ ಸುಡುತ್ತೆ, ಅನುಮಾನ ಬರೋದು ಸಹಜಾನೇ. ಅಕ್ಕ ದಿನಕ್ಕೆ ಎರಡು ಹೊತ್ತು ನೀರು ಶುರು ಮಾಡಿದ್ಲು, ಬಾವ ಮೇಲೆ 50 ಪರ್ಸೆಂಟ್ ಶೇಡ್ ನೆಟ್ ಕಟ್ಟಿದ್ರು, ಎಲೆ ಹಳದಿ ಆಗ್ತಿದೆ ಅಂತ ಯಾರೋ ಹೇಳಿದ್ದಕ್ಕೆ ಡಿಎಪಿ ಗೊಬ್ಬರ ಕೂಡ ಬಿತ್ತು. ಯಾವುದಕ್ಕೂ ಗಿಡ ಜಗ್ಗಲಿಲ್ಲ, ಬೆಳವಣಿಗೆ ಮೊಣಕಾಲೆತ್ತರಕ್ಕೆ ನಿಂತ್ಹೋಯ್ತು, ಬಿಟ್ಟ ಕಾಯಿ ಗೋಲಿ ಗಾತ್ರಕ್ಕೇ ಹಣ್ಣಾಗ್ತಿತ್ತು.

ಶೇಡ್ ನೆಟ್ ಕಟ್ಟಿದ ಮೇಲೂ ಬಾಡೋದು ನಿಲ್ಲಲಿಲ್ಲ ಅಂತ ಫೋನಲ್ಲಿ ಕೇಳಿದಾಗ್ಲೇ ನನಗೆ ಇದು ಬಿಸಿಲಿಂದು ಅಲ್ಲ ಅನ್ಸಿದ್ದು. ನಮ್ಮ ಕಡೆ ಬೇಸಿಗೇಲಿ ಸೌತೆ, ಕುಂಬಳದ ದೊಡ್ಡ ಎಲೆ ಆರೋಗ್ಯವಾಗಿದ್ರೂ ಮಧ್ಯಾಹ್ನ ಸ್ವಲ್ಪ ಜೋತು ಬೀಳ್ತಾವೆ, ಅದಕ್ಕೆ ಗಾಬರಿ ಬೇಕಿಲ್ಲ. ಆದ್ರೆ ನೆರಳಲ್ಲಿ, ಒದ್ದೆ ಮಣ್ಣಲ್ಲಿ, ಒಂದೇ ಸಾಲಲ್ಲಿ ಒಂದು ಗಿಡ ನೆಟ್ಟಗಿದ್ದು ಪಕ್ಕದ್ದು ಬಾಡ್ತಿದೆ ಅಂದ್ರೆ ನೀರು ಇದ್ರೂ ಅದಕ್ಕೆ ಮೇಲೆತ್ತೋಕೆ ಆಗ್ತಿಲ್ಲ ಅಂತ ಅರ್ಥ. ಕಾರಣ ಒಂದೋ ಬೇರಲ್ಲಿರುತ್ತೆ, ಇಲ್ಲಾ ಕಾಂಡದ ಒಳಗಿನ ನಾಳದಲ್ಲಿ.

ಊರಿಗೆ ಹೋದಾಗ ಮೊದಲು ಮಾಡಿದ್ದು ನೀರಿನ ಲೋಟದ ಪರೀಕ್ಷೆ. ತುಂಬಾ ಬಾಡಿರೋ ಗಿಡದ ಕಾಂಡಾನ ಬುಡದ ಹತ್ರ ಓರೆಯಾಗಿ ಕತ್ತರಿಸಿ, ಗಾಜಿನ ಲೋಟದಲ್ಲಿ ತಿಳಿನೀರು ಹಾಕಿ ಅದರಲ್ಲಿ ತುದಿ ಮಾತ್ರ ಮುಳುಗೋ ಹಂಗೆ ಅಲುಗಾಡಿಸದೆ ಹಿಡೀಬೇಕು. ಬ್ಯಾಕ್ಟೀರಿಯಾದ ಸೊರಗು ರೋಗ ಆಗಿದ್ರೆ ಕೆಲವೇ ನಿಮಿಷದಲ್ಲಿ ಕತ್ತರಿಸಿದ ಜಾಗದಿಂದ ಹಾಲಿನ ಬಣ್ಣದ ಎಳೆ ಕೆಳಗೆ ಇಳಿಯುತ್ತೆ. ಇಲ್ಲಿ ನೀರು ತಿಳಿಯಾಗೇ ಇತ್ತು. ಆಮೇಲೆ ಅದೇ ಕಾಂಡ ಉದ್ದಕ್ಕೆ ಸೀಳಿ ನೋಡಿದ್ವಿ, ಫ್ಯುಸೇರಿಯಂ ಶಿಲೀಂಧ್ರದ ಸೊರಗಾದ್ರೆ ಸಿಪ್ಪೆ ಕೆಳಗೆ ಕಂದು ಗೀರು ಕಾಣ್ಸುತ್ತೆ, ಅದೂ ಇರಲಿಲ್ಲ. ಅರ್ಕಾ ರಕ್ಷಕ್ ತಳಿಗೆ ಎಲೆ ಮುದುಡು ನಂಜು, ಬ್ಯಾಕ್ಟೀರಿಯಾ ಸೊರಗು, ಮೊದಲ ಅಂಗಮಾರಿ ಈ ಮೂರನ್ನೂ ತಡ್ಕೊಳ್ಳೋ ಶಕ್ತಿ ಇದೆ, ಹೆಸರಘಟ್ಟದ ತೋಟಗಾರಿಕಾ ಸಂಸ್ಥೆಯವರು ಹಂಗೇ ಬೆಳೆಸಿರೋದು. ಜನ ಅದನ್ನ ಎಲ್ಲಾ ರೋಗಕ್ಕೂ ಗಟ್ಟಿ ಅಂತ ತಿಳ್ಕೊಂಡುಬಿಡ್ತಾರೆ, ಆದ್ರೆ ಆ ಮೂರರಲ್ಲಿ ಬೇರಿಗೆ ಹೊಕ್ಕೋ ಜಂತಿನ ಕಾಟ ಇಲ್ಲ.

ಇನ್ನು ಉಳಿದಿದ್ದು ಬೇರು. ಗಿಡ ಜಗ್ಗಿ ಕೀಳಬಾರ್ದು, ಜಗ್ಗಿದ್ರೆ ಸಣ್ಣ ಬೇರೆಲ್ಲಾ ಮಣ್ಣಲ್ಲೇ ಹರ್ಕೊಂಡು ಉಳಿಯುತ್ತೆ, ನೋಡಬೇಕಾಗಿರೋದೇ ಅದು. ಸುತ್ತ ಕುರ್ಪಿಯಿಂದ ಬಿಡಿಸಿ ಮಣ್ಣು ಸಮೇತ ಎತ್ತಿ ಬಕೆಟ್ ನೀರಲ್ಲಿ ಇಟ್ಟು ಮೆಲ್ಲಗೆ ಅಲ್ಲಾಡಿಸಿದ್ವಿ. ಮಣ್ಣು ಕರಗ್ತಿದ್ದ ಹಂಗೆ ಬೇರು ಕಾಣ್ತು, ಮೇಲಿಂದ ಕೆಳಗಿನವರೆಗೂ ಗಂಟು ಗಂಟು, ಕೆಲವು ಸಾಸಿವೆಯಷ್ಟು, ಕೆಲವು ಒಂದಕ್ಕೊಂದು ಸೇರ್ಕೊಂಡು ಹಸಿ ಶುಂಠಿ ಬೆರಳಿನ ಹಂಗೆ ಉಬ್ಬಿದ್ವು, ನೀರು ಹೀರೋ ಬಿಳೀ ಎಳೆ ಬೇರು ಅನ್ನೋದೇ ಇಲ್ಲ.

ಅಕ್ಕ ತಕ್ಷಣ ಪಕ್ಕದ ಮಡಿಯಿಂದ ಒಂದು ಅಲಸಂದೆ ಗಿಡ ಕಿತ್ತು ತಂದ್ಲು. "ಇದ್ರಲ್ಲೂ ಗಂಟದಾವಲ್ಲೋ, ಇದು ಒಳ್ಳೇದು ಅಂತಾರಲ್ಲ?" ಅಂದ್ಲು. ಬಹಳ ಜನಕ್ಕೆ ಗೊಂದಲ ಆಗೋದು ಇಲ್ಲೇ, ಹಂಗಾಗಿ ಎರಡನ್ನೂ ಒಂದು ತಟ್ಟೇಲಿ ಇಟ್ಟು ತೋರಿಸಿದೆ. ಅಲಸಂದೆ ಗಂಟು ಬೇರಿನ ಪಕ್ಕಕ್ಕೆ ಅಂಟ್ಕೊಂಡಿರುತ್ತೆ, ಉಗುರಲ್ಲಿ ತಳ್ಳಿದ್ರೆ ಕಳಚಿ ಬರುತ್ತೆ, ಹಿಚುಕಿದ್ರೆ ಒಳಗೆ ನಸುಗೆಂಪು. ಅದು ಗಾಳಿಯ ಸಾರಜನಕ ಹಿಡಿಯೋ ರೈಜೋಬಿಯಂ, ಗಿಡಕ್ಕೂ ಮಣ್ಣಿಗೂ ಒಳ್ಳೇದೇ. ಟೊಮೆಟೊ ಬೇರಿನ ಗಂಟು ಹಂಗಲ್ಲ, ಬೇರೇ ಉಬ್ಬಿ ಗಂಟಾಗಿರೋದು, ಉಗುರಲ್ಲಿ ತೆಗಿಯೋಕೆ ಹೋದ್ರೆ ಬೇರೇ ಹರಿದು ಬರುತ್ತೆ. ಇದು ಬೇರುಗಂಟು ರೋಗ, ಮೆಲೊಯ್ಡೊಗೈನಿ ಅನ್ನೋ ಜಾತಿಯ ನೆಮಟೋಡ್ ಅಂದ್ರೆ ಕಣ್ಣಿಗೆ ಕಾಣದ ಜಂತು ಬೇರಿನ ಒಳಗೆ ಹೊಕ್ಕು ಮಾಡೋ ಕೆಲಸ.

ಒಳಗೆ ಆಗೋದೇನು ಅಂದ್ರೆ, ಮರಿ ಜಂತು ಬೇರಿನ ತುದಿಯಿಂದ ಒಳಗೆ ಹೋಗಿ ಒಂದು ಕಡೆ ನೆಲೆ ನಿಲ್ಲುತ್ತೆ, ಸುತ್ತ ಇರೋ ಜೀವಕೋಶಗಳು ವಿಪರೀತ ದಪ್ಪ ಆಗಿ ಅದಕ್ಕೆ ಊಟ ಒದಗಿಸ್ತವೆ, ನೀರು ಹೋಗೋ ನಾಳ ಸೊಟ್ಟ ಆಗಿ ಕಟ್ಕೊಳುತ್ತೆ. ಬೆಳಿಗ್ಗೆ ಸಂಜೆ ಗಿಡಕ್ಕೆ ಬೇಕಾಗೋ ನೀರು ಕಮ್ಮಿ, ಹೆಂಗೋ ಸಾಕಾಗುತ್ತೆ, ಮಧ್ಯಾಹ್ನ ಎಲೆಯಿಂದ ನೀರು ಹೋಗೋ ವೇಗಕ್ಕೆ ಆ ಬೇರು ಒದಗಿಸೋಕಾಗಲ್ಲ, ಅದಕ್ಕೇ ಬಾಡೋದು. ನೀರು ಎಷ್ಟು ಸುರಿದ್ರೂ ಪ್ರಯೋಜನ ಇಲ್ಲ. ಡಿಎಪಿ ಕಥೇನೂ ಅಷ್ಟೇ, ಹೀರೋ ಬೇರೇ ಇಲ್ಲ. ಒಂದು ಹೆಣ್ಣು ಸಾಮಾನ್ಯವಾಗಿ 200ರಿಂದ 500 ಮೊಟ್ಟೆ ಇಡುತ್ತೆ, ನಮ್ಮ ಬೆಚ್ಚಗಿನ ಮಣ್ಣಲ್ಲಿ ಒಂದು ತಿಂಗಳೊಳಗೆ ಒಂದು ತಲೆಮಾರು ಮುಗಿಯುತ್ತೆ. ಚಳಿ ದೇಶದಲ್ಲಿ ಚಳಿಗಾಲ ಅಂತ ಒಂದು ತಡೆ ಇದೆ, ನಮ್ಮಲ್ಲಿ ವರ್ಷಪೂರ್ತಿ ಅದಕ್ಕೆ ಸುಗ್ಗಿ. ಮೊದಲ ಬೆಳೆ ಚೆನ್ನಾಗಿ ಬಂದು ಎರಡನೇದು ಕೂತ್ಹೋಗೋದು ಈ ಲೆಕ್ಕಕ್ಕೇ. ಮೊದಲ ಬೆಳೆ ಅದನ್ನ ಸಾಕಿತು, ಅದರ ಮೇಲೆ ಮತ್ತೆ ಅದೇ ಟೊಮೆಟೊ ಬದನೆ ಬಿತ್ತು. ಬೆಂಡೆ, ಸೌತೆ, ಹಾಗಲ, ಸೋರೆ ಇವೂ ಅದಕ್ಕೆ ಇಷ್ಟದ ಊಟಾನೇ.

ಹೊಸ ಮಡಿ, ಹೊಸ ಮಣ್ಣು, ನೆಲಕ್ಕಿಂತ ಮೇಲೆ ಇರೋದು, ಇಲ್ಲಿಗೆ ಬಂತಾದ್ರೂ ಎಲ್ಲಿಂದ ಅಂತ ಬಾವಂಗೆ ಬಹಳ ಬೇಜಾರು. ಏರುಮಡಿ ನೀರು ನಿಲ್ಲದ ಹಂಗೆ ನೋಡ್ಕೊಳುತ್ತೆ, ಬೇರಿಗೆ ಸಡಿಲ ಮಣ್ಣು ಕೊಡುತ್ತೆ, ಇದನ್ನ ತಡೆಯೋದು ಅದರ ಕೆಲಸ ಅಲ್ಲ. ಅನುಮಾನ ಎರಡರ ಮೇಲಿತ್ತು, ಕೆಂಪುಮಣ್ಣು ಮತ್ತೆ ಸಸಿ. ಜನವರೀಲಿ ತಂದ ಬದನೆ ಸಸೀಲಿ ಒಂದು ಜಾಸ್ತಿಯಾಗಿ ಪ್ಲಾಸ್ಟಿಕ್ ಚೀಲದಲ್ಲೇ ನೀರಿನ ಟ್ಯಾಂಕ್ ಪಕ್ಕ ಉಳ್ಕೊಂಡಿತ್ತು, ಮಡಿ ಮಣ್ಣು ಅದಕ್ಕೆ ತಾಗೇ ಇಲ್ಲ. ಚೀಲ ಹರಿದು ತೊಳೆದು ನೋಡಿದ್ರೆ ಅದರ ಬೇರಲ್ಲೂ ಸಣ್ಣ ಸಣ್ಣ ಗಂಟು. ಇನ್ನೊಂದು ಕಡೆ ತುಂಬಿ ಮಿಕ್ಕಿದ್ದ ಕೆಂಪುಮಣ್ಣಿನ ಗುಡ್ಡೆ ಕಾಂಪೌಂಡ್ ಮೂಲೇಲಿ ಇತ್ತು, ಅದನ್ನ ಎರಡು ಕುಂಡಕ್ಕೆ ತುಂಬಿ ಸೌತೆ ಬೀಜ ಹಾಕಿದ್ವಿ. ಸೌತೆ ಬೇರಿಗೆ ಈ ಜಂತು ಬೇಗ ಹತ್ತುತ್ತೆ, ನಾಲ್ಕು ವಾರದ ಸಸಿ ಕಿತ್ತು ತೊಳೆದ್ರೆ ಮಣ್ಣಲ್ಲಿ ಜಂತು ಇದೆಯೋ ಇಲ್ವೋ ಬೇರೇ ಹೇಳುತ್ತೆ, ಲ್ಯಾಬ್ ಬೇಕಾಗಿಲ್ಲ. ಗುಡ್ಡೆ ಮಣ್ಣಿನ ಸೌತೆ ಬೇರು ಶುದ್ಧ ಬಿಳೀ. ಹಂಗಾದ್ರೆ ಬಂದಿದ್ದು ಸಸಿ ಜೊತೇಲೇ, ಮಳೆಗಾಲದ ಸಸೀನೂ ಅದೇ ಜಾಗದಿಂದ ತಂದಿದ್ದು. ಮಣ್ಣಲ್ಲಿ ಒತ್ತಾಗಿ ಬೆಳೆಸಿ ಕಿತ್ತು ಚೀಲಕ್ಕೆ ಹಾಕಿ ಮಾರೋ ಸಸೀಲಿ ಈ ಅಪಾಯ ಇದ್ದೇ ಇರುತ್ತೆ. ಪ್ರೋಟ್ರೇ ಅಂದ್ರೆ ಸಣ್ಣ ಸಣ್ಣ ಗುಳಿ ಇರೋ ಸಸಿ ತಟ್ಟೇಲಿ ಬರೀ ಕೋಕೋಪಿಟ್‌ನಲ್ಲಿ ಬೆಳೆಸಿದ ಸಸಿ ಅದಕ್ಕಿಂತ ಎಷ್ಟೋ ವಾಸಿ.

ಮಾರ್ಚ್ ಮಧ್ಯದಲ್ಲಿ ನಿರ್ಧಾರ ಮಾಡೋ ಹೊತ್ತು ಬಂತು. ಗೊಬ್ಬರದ ಅಂಗಡೀಲಿ ಕಾರ್ಬೋಫ್ಯುರಾನ್ ಹರಳು ಹಾಕಿ ಅಂದಿದ್ರು. ನಾನು ಖಂಡಿತ ಬೇಡ ಅಂದೆ, ಅದು ತೀರಾ ಘೋರ ವಿಷ, ಮಕ್ಕಳು ಕೈಯಾಡಿಸೋ, ದಿನಾ ಸೊಪ್ಪು ಕಿತ್ತು ಸಾರಿಗೆ ಹಾಕೋ ಮಡಿಗೆ ಅದು ಬರ್ಲೇಬಾರ್ದು. ಜಂತು ತಡೆಯೋ ತಳಿ ಹಾಕೋಣ್ವಾ ಅಂತ ಬಾವ ಕೇಳಿದ್ರು, ಆನ್‌ಲೈನಲ್ಲಿ ಸಿಗೋ ವಿದೇಶಿ ಟೊಮೆಟೊ ಪ್ಯಾಕೆಟ್ ಮೇಲೆ ಹೆಸರಿನ ಮುಂದೆ ಎನ್ ಅಂತ ಬರೆದಿರ್ತಾರಲ್ಲ, ಅದು ನೆಮಟೋಡ್ ತಡೆಯೋ ಗುಣಕ್ಕೆ ಗುರುತು. ಆ ಗುಣ ಕೊಡೋದು ಕಾಡು ಟೊಮೆಟೊದಿಂದ ತಂದ ಎಂಐ ಅನ್ನೋ ಜೀನ್. ಅದರ ದೌರ್ಬಲ್ಯ ಅಂದ್ರೆ ಮಣ್ಣಿನ ಬಿಸಿ 28 ಡಿಗ್ರಿ ದಾಟಿದ್ರೆ ಅದು ಸರಿಯಾಗಿ ಕೆಲಸ ಮಾಡಲ್ಲ. ಮಾರ್ಚಿಂದಾಚೆ ದಾವಣಗೆರೇಲಿ, ಅದೂ ನಾಲ್ಕೂ ಕಡೆ ಬ್ಲಾಕ್ ಕಾಯೋ ಮಡೀಲಿ, ಮಣ್ಣು 28ರೊಳಗೆ ಎಲ್ಲಿರುತ್ತೆ. ತಂಪು ದೇಶದವರ ಸಲಹೆ ಹಂಗಂಗೇ ಇಲ್ಲಿಗೆ ತಂದ್ರೆ ಏನಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ.

ಹಂಗಾದ್ರೆ ನಮ್ಮ ಹತ್ರ ಧಾರಾಳವಾಗಿ ಇರೋದೇನು, ಬಿಸಿಲು. ಏಪ್ರಿಲಲ್ಲಿ ಅಲ್ಲಿ ಪಾರಾ 38 ಮುಟ್ಟುತ್ತೆ, ಆ ಸೆಕೇಲಿ ಟೊಮೆಟೊ ಹೂ ಹೆಂಗೂ ಕಚ್ಚಲ್ಲ ಉದುರುತ್ತೆ, ರಾತ್ರೀನೂ ತಂಪಾಗಲ್ಲ. ಕಾಯಿ ಬರದ ಎರಡು ತಿಂಗಳು ನೀರು, ನೆಟ್ಟು, ಔಷಧಿ ಅಂತ ಒದ್ದಾಡೋ ಬದಲು ಮಡಿ ಖಾಲಿ ಮಾಡಿ ಆ ಬಿಸಿಲಿಗೇ ಕೆಲಸ ಕೊಡೋಣ ಅಂತ ನಾನು ಪಟ್ಟು ಹಿಡಿದೆ. ಇದು ಈ ಒಂದು ಮಡಿಗಷ್ಟೇ ಅಲ್ಲ, ಬಯಲುಸೀಮೆಯ ಯಾವ ಮನೆ ತೋಟಕ್ಕೂ ಏಪ್ರಿಲ್ ಮೇ ಅಂದ್ರೆ ಬೆಳೆಯೋ ಕಾಲ ಅಲ್ಲ, ಮಣ್ಣು ಕಾಯಿಸೋ ಕಾಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಅಕ್ಕಂಗೆ ಹಸಿರು ಗಿಡ ಕೀಳೋಕೆ ಮನಸ್ಸಿಲ್ಲ, ಎರಡು ದಿನ ಮಾತಾಡಲಿಲ್ಲ, ಆಮೇಲೆ ಅವಳೇ ಕುರ್ಪಿ ಹಿಡಿದು ಕೂತ್ಲು.

ಕೀಳೋ ಕೆಲಸ ನಿಧಾನಕ್ಕೆ ಆಗ್ಬೇಕು. ಕಾಂಡ ಕತ್ತರಿಸಿ ಬೇರು ಮಣ್ಣಲ್ಲೇ ಬಿಟ್ರೆ ಬೇರೆ ಕಡೆ ಒಳ್ಳೇದಿರಬಹುದು, ಇಲ್ಲಿ ಆ ಬೇರು ಅಂದ್ರೆ ಮೊಟ್ಟೆ ಮೂಟೆ. ಸಿಕ್ಕಷ್ಟು ಗಂಟು ಬೇರನ್ನೆಲ್ಲಾ ಬಿಡಿಸಿ ಟೆರೇಸ್ ಮೇಲೆ ಒಣಗಿಸಿ ಸುಟ್ವಿ, ಕಾಂಪೋಸ್ಟ್ ಗುಂಡಿಗೆ ಒಂದೂ ಹೋಗಲಿಲ್ಲ. ಆಮೇಲೆ ಮಡಿ ಸಮ ಮಾಡಿ, ಹೆಂಟೆ ಪುಡಿ ಮಾಡಿ, ತಳದವರೆಗೂ ನೆನೆಯೋ ಹಂಗೆ ನೀರು ಬಿಟ್ವಿ, ಒಣಮಣ್ಣಿಗಿಂತ ಒದ್ದೆ ಮಣ್ಣು ಬಿಸೀನ ಆಳಕ್ಕೆ ಒಯ್ಯುತ್ತೆ, ಒದ್ದೆ ಇದ್ದಾಗ ಜಂತೂ ಮೊಟ್ಟೇನೂ ಬಿಸಿಗೆ ಬೇಗ ಸಾಯುತ್ತೆ. ಮೇಲೆ ಹಾಸಿದ್ದು ಬಣ್ಣ ಇಲ್ಲದ ತೆಳು ಪಾರದರ್ಶಕ ಪಾಲಿಥಿನ್ ಹಾಳೆ, 50 ಮೈಕ್ರಾನಿಂದು. ಕಪ್ಪು ಹಾಳೆ ಕಾಯುತ್ತೆ ಅಂತ ಜನ ಅದನ್ನೇ ತರ್ತಾರೆ, ಆದ್ರೆ ಕಪ್ಪಾದ್ರೆ ಹಾಳೆ ಕಾಯುತ್ತೆ, ಪಾರದರ್ಶಕ ಆದ್ರೆ ಬಿಸಿಲು ಒಳಗಿಳಿದು ಮಣ್ಣು ಕಾಯುತ್ತೆ. ಹಾಳೆ ಮಣ್ಣಿಗೆ ಅಂಟ್ಕೊಂಡಿರ್ಬೇಕು, ನಡುವೆ ಗಾಳಿ ಉಬ್ಬಬಾರ್ದು, ಅಂಚಲ್ಲಿ ಸಂದಿ ಇರಬಾರ್ದು.

ಸಣ್ಣ ಏರುಮಡೀಲಿ ಒಂದು ತೊಂದರೆ ಇದೆ, ಹೊಲದಲ್ಲಿ ಇರೋದಿಲ್ಲ. ಅಂಚಿಂದ ರಾತ್ರಿ ಬಿಸಿ ಹೊರಗೆ ಸೋರುತ್ತೆ, ನಡುವಿನಷ್ಟು ಅಂಚು ಕಾಯಲ್ಲ. ಹಂಗಾಗಿ ಹಾಳೇನ ಮಣ್ಣಿನ ಮೇಲೆ ಮಾತ್ರ ಹಾಸದೆ ಬ್ಲಾಕ್ ಮೇಲಿಂದ ಹೊರಗಡೆ ನೆಲದವರೆಗೂ ಇಳಿಸಿ, ನೆಲದಲ್ಲಿ ಮಣ್ಣು ಇಟ್ಟಿಗೆ ಹೇರಿ ಮುಚ್ಚಿದ್ವಿ. ಬಾವ ಉದ್ದ ಕಡ್ಡಿಯ ಥರ್ಮಾಮೀಟರ್ ತಂದು ಹಾಳೆ ಪಕ್ಕ ತೂರಿಸಿ ನೋಡ್ತಿದ್ರು, ಮಧ್ಯಾಹ್ನ ಮೂರರ ಹೊತ್ತಿಗೆ ಎರಡು ಇಂಚಿನ ಆಳದಲ್ಲಿ 50 ದಾಟ್ತಿತ್ತು, ಒಂದಡಿ ಆಳದಲ್ಲಿ 40ರೊಳಗೇ ಇರ್ತಿತ್ತು. ಆಳದಲ್ಲಿ ಬಿಸಿ ಕಮ್ಮಿ ಆದ್ರೂ ವಾರಗಟ್ಟಲೆ ಇದ್ರೆ ಕೆಲಸ ಮಾಡುತ್ತೆ, ಅದಕ್ಕೇ ನಾಲ್ಕರಿಂದ ಆರು ವಾರ ಬಿಡ್ಬೇಕು ಅನ್ನೋದು. ಇಲ್ಲಿ ಏಪ್ರಿಲ್ ಮೊದಲ ವಾರ ಹಾಸಿದ್ದು ಮೇ ಮೂರನೇ ವಾರಕ್ಕೆ ತೆಗೆದ್ರು, ಮಧ್ಯ ಒಂದು ಮಳೆಗೆ ಹಾಳೆ ಮೇಲೆ ನೀರು ನಿಂತಿತ್ತು, ಅದನ್ನ ಗುಡಿಸಿ ಹಾಕಿದ್ರು. ಕಳೆ ಬೀಜವೂ ಬಹುಪಾಲು ಸುಟ್ಟುಹೋಯ್ತು, ಜೇಕು ಮಾತ್ರ ಅದರ ಗಡ್ಡೆಯಿಂದ ಮತ್ತೆ ತಲೆ ಎತ್ತಿತು, ಅದಕ್ಕೆ ಈ ಬಿಸಿ ಸಾಲಲ್ಲ.

ಹಾಳೆ ತೆಗೆದ ಮೇಲೆ ಮತ್ತೆ ಸೌತೆ ಪರೀಕ್ಷೆ. ಮಡಿ ಮೇಲಿನ ಆರು ಇಂಚಿನ ಮಣ್ಣು ಒಂದು ಕುಂಡಕ್ಕೆ, ತಳದ ಮಣ್ಣು ಇನ್ನೊಂದಕ್ಕೆ. ಮೇಲಿನ ಮಣ್ಣಿನ ಸೌತೇಲಿ ಗಂಟಿರಲಿಲ್ಲ, ತಳದ ಮಣ್ಣಿಂದರಲ್ಲಿ ಅಲ್ಲಲ್ಲಿ ಇತ್ತು, ಮೊದಲಿನ ಹಂಗಲ್ಲ ಆದ್ರೆ ಇತ್ತು. ಈ ಫಲಿತಾಂಶ ಮುಂದಿನ ಎಲ್ಲಾ ಕೆಲಸಾನ ನಿರ್ಧಾರ ಮಾಡ್ತು, ಮಡಿ ಅಗೆದು ಮೇಲೆ ಕೆಳಗೆ ಮಾಡೋ ಹಂಗಿಲ್ಲ, ಅಗೆದ್ರೆ ತಳದಲ್ಲಿ ಬದುಕಿರೋದು ಮೇಲೆ ಬರುತ್ತೆ.

ಜೂನ್ ಮಳೆಗೆ ಆ ಮಡಿ ತುಂಬಾ ಅಪ್ಸೆಣಬು ಚೆಲ್ಲಿದ್ವಿ. ಇದು ಹಸಿರೆಲೆ ಗೊಬ್ಬರದ ಬೆಳೆ ಅಂತ ರೈತರಿಗೆಲ್ಲಾ ಗೊತ್ತು, ಈ ಜಂತು ಅದರ ಬೇರಿಗೆ ಹೊಕ್ಕರೂ ಅಲ್ಲಿ ಬೆಳೆದು ಮೊಟ್ಟೆ ಇಡೋಕೆ ಆಗೋದು ತೀರಾ ಕಮ್ಮಿ. ಹೂ ಬರೋ ಹೊತ್ತಿಗೆ ಬುಡಕ್ಕೆ ಕೊಯ್ದು, ಅಗೆದು ಮುಚ್ಚದೆ, ಕತ್ತರಿಸಿ ಮಣ್ಣಿನ ಮೇಲೇ ಹಾಸಿದ್ವಿ. ಚೆಂಡುಹೂ ಹಾಕಿದ್ರೆ ಸಾಕಲ್ವಾ ಅಂತ ಪಕ್ಕದ ಮನೆ ಆಂಟಿ ಕೇಳಿದ್ರು. ಚೆಂಡುಹೂವಿನ ಬೇರಿಗೆ ಜಂತು ಕೊಲ್ಲೋ ಗುಣ ಇರೋದು ನಿಜ, ಆದ್ರೆ ಮೂಲೆಗೊಂದು ಗಿಡ ಇಟ್ರೆ ಆಗಲ್ಲ, ಮಡಿ ಪೂರ್ತಿ ಒತ್ತಾಗಿ ಎರಡು ತಿಂಗಳ ಮೇಲೆ ಅದೊಂದೇ ಬೆಳೆ ಇರ್ಬೇಕು. ಟೊಮೆಟೊ ಹೊಲದಲ್ಲಿ 16 ಸಾಲಿಗೊಂದು ಸಾಲು ಚೆಂಡುಹೂ ಹಾಕೋ ಪದ್ಧತಿ ಇದೆಯಲ್ಲ, ಅದು ಕಾಯಿಕೊರಕ ಹುಳದ ಚಿಟ್ಟೆ ಅಲ್ಲಿ ಹೋಗಿ ಮೊಟ್ಟೆ ಇಡ್ಲಿ ಅಂತ, ಮಣ್ಣಿನ ಜಂತುಗೂ ಅದಕ್ಕೂ ಸಂಬಂಧ ಇಲ್ಲ.

ಈ ಮಧ್ಯೆ ಗೊಬ್ಬರ ತಯಾರಿ. ಹಳೇ ಕೊಟ್ಟಿಗೆ ಗೊಬ್ಬರ ಒಂದು ಚೀಲ, ಬೇವಿನ ಹಿಂಡಿ ಒಂದು ಕೆಜಿ, ಅದಕ್ಕೆ ಟ್ರೈಕೋಡರ್ಮ ಮತ್ತೆ ಪೊಕೋನಿಯಾ ಅನ್ನೋ ಎರಡು ಒಳ್ಳೆ ಶಿಲೀಂಧ್ರದ ಪುಡಿ ಒಂದೊಂದು ಹಿಡಿ ಕಲಸಿ, ಕೈಗೆ ಪಸೆ ತಾಗೋವಷ್ಟು ನೀರು ಚಿಮುಕಿಸಿ, ನೆರಳಲ್ಲಿ ಗೋಣಿಚೀಲ ಮುಚ್ಚಿ 15 ದಿನ ಬಿಟ್ವಿ. ಪೊಕೋನಿಯಾ ಈ ಜಂತಿನ ಮೊಟ್ಟೆ ಮೇಲೇ ಬೆಳೆದು ಅದನ್ನ ಹಾಳು ಮಾಡುತ್ತೆ. ಬಿಸಿಗೆ ಒಳ್ಳೆ ಜೀವಿಗಳೂ ಕಮ್ಮಿ ಆಗಿರ್ತವೆ, ಖಾಲಿ ಜಾಗ ಮೊದಲು ಇವು ಹಿಡೀಲಿ ಅನ್ನೋದು ಲೆಕ್ಕ. ನೆಡೋ ಗುಂಡಿಗೆ ಎರಡೆರಡು ಬೊಗಸೆ ಈ ಗೊಬ್ಬರ ಹಾಕಿ ಆಗಸ್ಟಲ್ಲಿ ಟೊಮೆಟೊ ಇಟ್ಟಿದ್ದು, ಸಸಿ ಈ ಸಲ ಅಕ್ಕಾನೇ ಪ್ರೋಟ್ರೇಲಿ ಬೆಳೆಸಿದ್ಲು. ಬ್ಲಾಕಿಂದ ಒಂದಡಿ ಒಳಗೆ ಸಾಲು, ಪಶ್ಚಿಮದ ಬ್ಲಾಕಿಗೆ ಸುಣ್ಣ, ಬುಡಕ್ಕೆ ಒಣ ಸೊಪ್ಪಿನ ಹೊದಿಕೆ. ಎರಡು ಮಡಿಗೂ ಬೇರೆ ಬೇರೆ ಕುರ್ಪಿ, ಒಂದೇ ಇದ್ದಿದ್ರೆ ತೊಳೆದು ಒಣಗಿಸಿ ಬಳಸ್ಬೇಕಿತ್ತು.

ಅಕ್ಟೋಬರಿಂದ ಕಾಯಿ ಸಿಕ್ತು, ಡಿಸೆಂಬರ್‌ವರೆಗೂ ಬಿಡದೆ ಬಂತು. ಮಧ್ಯಾಹ್ನ ಬಾಡೋದು ಕಾಣಲಿಲ್ಲ. ಕೊನೇಲಿ ಗಿಡ ಎತ್ತಿ ಬೇರು ತೊಳೆದಾಗ ಮೇಲಿನ ಬೇರೆಲ್ಲಾ ಬಿಳೀ, ಆಳಕ್ಕೆ ಇಳಿದಿದ್ದ ಬೇರಿನ ತುದೀಲಿ ಮಾತ್ರ ಕೆಲವು ಗಂಟು. ಜಂತು ಪೂರ್ತಿ ಹೋಗಿಲ್ಲ, ಹೋಗೋದೂ ಇಲ್ಲ, ಬೆಳೆಗೆ ಹೊರೆ ಆಗದ ಮಟ್ಟಕ್ಕೆ ಇಳಿದಿದೆ. ಅದೇ ಮಡಿಗೆ ಮತ್ತೆ ಜನವರೀಲಿ ಟೊಮೆಟೊ ಇಟ್ಟಿದ್ರೆ ಹಳೇ ಕಥೇನೇ ಆಗ್ತಿತ್ತು, ಹಂಗಾಗಿ ಚಳಿಗಾಲದ ಉಳಿದ ಭಾಗಕ್ಕೆ ಅಲ್ಲಿ ಮಡಿ ತುಂಬಾ ಒತ್ತಾಗಿ ಚೆಂಡುಹೂ ಹೋಯ್ತು, ಏಪ್ರಿಲಿಗೆ ಮತ್ತೆ ಹಾಳೆ.

ಜಗಳ ಉಳಿದಿರೋದು ಬದನೆದು. ಇನ್ನೆರಡು ವರ್ಷ ಒಂದನೇ ಮಡಿಗೆ ಬದನೆ ಬೇಡ ಅಂತ ನಾನು, ರೊಟ್ಟಿಗೆ ಎಣ್ಣೆಗಾಯಿ ಇಲ್ದೆ ಹೆಂಗೆ ಅಂತ ಅಕ್ಕ. ಕಾಡು ಸುಂಡೆ ಗಿಡದ ಬುಡಕ್ಕೆ ಬದನೆ ಕಸಿ ಕಟ್ಟಿದ್ರೆ ಈ ಜಂತೂ ಬ್ಯಾಕ್ಟೀರಿಯಾ ಸೊರಗೂ ಎರಡೂ ತಡ್ಕೊಳುತ್ತೆ, ಅದನ್ನ ಕಲೀಬೇಕು ಅಂತ ಬಾವ ಸುಂಡೆ ಬೀಜ ಹಾಕಿದಾರೆ. ಅಲ್ಲಿವರೆಗೆ ಗುಡ್ಡೇಲಿ ಮಿಕ್ಕಿದ್ದ ಆ ಶುದ್ಧ ಕೆಂಪುಮಣ್ಣು, ಬೇವಿನ ಹಿಂಡಿ ಗೊಬ್ಬರ ಕಲಸಿ ದೊಡ್ಡ ಗ್ರೋಬ್ಯಾಗಿಗೆ ತುಂಬಿ, ಮಡಿಯಿಂದ ದೂರ, ಟೆರೇಸ್ ಮೇಲೆ ಬದನೆ ಇಟ್ಟಿದ್ದಾಯ್ತು.